ಹತ್ತಕ್ಕೆ ಹತ್ತರ ಅಪ್ಪ

ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ ಹುಟ್ಟಿ, ಎಮ್ಮಿಗನೂರು, ಆದವಾನಿಯಲ್ಲಿ ಓದಿ, ಬೆಂಗಳೂರೋ ಹೈದರಾಬಾದೋ ಸೇರಿದ ಹುಡುಗರಲ್ಲಿ ಒಬ್ಬನಿಗಾದರೂ ನಲವತ್ತರ ಹೊತ್ತಿಗೆ ಈ ರೋಗ ಅಂಟಿಕೊಳ್ಳುತ್ತದೆ. ಕಂಪನಿ 'ಆನ್‌ಸೈಟ್' ಎನ್ನುವುದೇ ತಡ, ಆತ 'ಸ್ಕೂಲು' ಎನ್ನುತ್ತಾನೆ. ಅಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಹೆಂಡತಿ ಕೇಳುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ಬಿಚ್ಚಿಕೊಂಡಿರುತ್ತದೆ.

ಆತನ ಹೆಸರು ಬೇಡ. ನೆಂಟರು 'ಹತ್ತಕ್ಕೆ ಹತ್ತು' ಎಂದೇ ಕರೆಯುತ್ತಾರೆ. ಅಮೆರಿಕದ ಶಾಲೆಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಹಾಕುವ ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆಯಿದೆ. ಅದರಲ್ಲಿ ಒಂಬತ್ತು ಬಂದ ಶಾಲೆಯನ್ನು ಈತ ಫೇಲಾದ ಹುಡುಗನನ್ನು ನೋಡಿದಂತೆ ನೋಡುತ್ತಾನೆ. 2009ರ ಅಕ್ಟೋಬರ್ ನೆರೆಯಲ್ಲಿ ನಾಗಲದಿನ್ನೆಯ ಸೇತುವೆ ಕೊಚ್ಚಿಹೋಗಿ, ಕಣ್ಣೆದುರಿನ ದಡಕ್ಕೆ ಜನ ಊರೆಲ್ಲ ಸುತ್ತಿ ಹೋದದ್ದನ್ನು ಕಂಡವನು. ಈಗ ಮಗನ ಶಾಲೆ ಮನೆಯಿಂದ ಏಳು ನಿಮಿಷವೋ ಒಂಬತ್ತು ನಿಮಿಷವೋ ಎಂದು ನಿದ್ದೆಗೆಡುತ್ತಾನೆ.

ಎಕ್ಸೆಲ್ ಹಾಳೆಯಲ್ಲಿ ಮೊದಲು ಇದ್ದದ್ದು ಇಂಗ್ಲೆಂಡು. ಅಲ್ಲಿಯ ಆಫ್‌ಸ್ಟೆಡ್ ಇಲಾಖೆ ಶಾಲೆಗಳನ್ನು ತಪಾಸಣೆ ಮಾಡಿ 'ಔಟ್‌ಸ್ಟ್ಯಾಂಡಿಂಗ್', 'ಗುಡ್' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿತ್ತು. ಈತ ಔಟ್‌ಸ್ಟ್ಯಾಂಡಿಂಗ್‌ಗಳನ್ನೆಲ್ಲ ಆರಿಸಿ ಹಸಿರು ಬಣ್ಣ ಬಳಿದ. 2024ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ರದ್ದಾಯಿತು. ದುಬೈ ನೋಡಿದರೆ, ಭಾರತೀಯ ಪಠ್ಯದ ಶಾಲೆ ಏಪ್ರಿಲ್‌ನಲ್ಲಿ ಶುರು, ಬ್ರಿಟಿಷ್ ಪಠ್ಯದ್ದು ಬೇಸಿಗೆ ರಜೆ ಮುಗಿದ ಮೇಲೆ. ಕೊನೆಗೆ ಕಂಪನಿಯೇ ಟೆಕ್ಸಸ್ ಎಂದಿತು.

ಆಗ ಎದ್ದಿತು ವಯಸ್ಸಿನ ತಕರಾರು. ಮಗ ಹುಟ್ಟಿದ್ದು 2019ರ ಸೆಪ್ಟೆಂಬರ್ 3ರಂದು. 2025ರಲ್ಲಿ ಇಂಗ್ಲೆಂಡಿಗೆ ಹೋಗಿದ್ದರೆ ನೇರ ಒಂದನೇ ಇಯರ್. ಟೆಕ್ಸಸ್ಸಿನಲ್ಲಿ ಒಂದನೇ ತರಗತಿಗೆ ಸೆಪ್ಟೆಂಬರ್ 1ಕ್ಕೆ ಆರು ತುಂಬಿರಬೇಕು. ಎರಡು ದಿನಕ್ಕೆ ತಪ್ಪಿತು, ಕಿಂಡರ್‌ಗಾರ್ಟನ್! ಇಲ್ಲಿ ಮಗ್ಗಿ ಹೇಳುತ್ತಿದ್ದ ಹುಡುಗ ಅಲ್ಲಿ ಮತ್ತೆ ಎ ಫಾರ್ ಆಪಲ್. "ಸೀಸೇರಿಯನ್ ಮೂರು ದಿನ ಮೊದ್ಲ ಇಡಿಸಬೇಕಿತ್ತು" ಎಂದು ಆತ ಗೊಣಗಿದ. ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಊರಲ್ಲಿದ್ದಾಗ ಸರ್ಕಾರಿ ಶಾಲೆಯ ಗೇಟಿನ ಕಡೆ ಕತ್ತೆತ್ತಿಯೂ ನೋಡದವನು ಈಗ ಹಗಲು ರಾತ್ರಿ ಜಪಿಸುವುದು ಅಮೆರಿಕದ ಸರ್ಕಾರಿ ಶಾಲೆಯನ್ನೇ. ಫೀಸಿಲ್ಲ. ಡೊನೇಷನ್ ಇಲ್ಲ, ಶಿಫಾರಸು ನಡೆಯದು. ಹೊಲದ ಜೊತೆ ಬಾವಿ ಬಂದ ಹಾಗೆ ಮನೆಯ ಜೊತೆ ಶಾಲೆ ಬರುತ್ತದೆ. ನಕ್ಷೆಯಲ್ಲಿ ಯಾವ ಗೆರೆಯೊಳಗೆ ವಾಸವೋ ಆ ಶಾಲೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆ ಊರಿನ ಮನೆ-ಜಾಗದ ತೆರಿಗೆಯಿಂದಲೇ ಹುಟ್ಟುವುದರಿಂದ ಒಳ್ಳೆಯ ಶಾಲೆಯ ಪಕ್ಕ ಅಗ್ಗದ ಮನೆ ಸಿಗುವುದು ಅಪರೂಪ. ಫೀಸು ಉಳಿಯಿತೆಂದು ಹಿಗ್ಗಿದವನು ಅದನ್ನೇ ತಿಂಗಳು ತಿಂಗಳು ಬಾಡಿಗೆಯಾಗಿ ಎಣಿಸಿಕೊಟ್ಟ.

ದಾಖಲಾತಿಗೆ ಹೊರಟ ದಿನ ಮಂತ್ರಾಲಯದ ಮಂತ್ರಾಕ್ಷತೆಯ ಪೊಟ್ಟಣದ ಜೊತೆ ಮೂರು ಸೀಲು ಒತ್ತಿದ ಟೀಸಿಯನ್ನೂ ಒಯ್ದಿದ್ದ. ಆಫೀಸಿನ ಹೆಂಗಸು ಟೀಸಿಯನ್ನು ಮದುವೆ ಕರೆಯೋಲೆಯಂತೆ ಪಕ್ಕಕ್ಕಿಟ್ಟು ಬಾಡಿಗೆ ಕರಾರು, ಕರೆಂಟು ಬಿಲ್ಲು, ಲಸಿಕೆ ಚೀಟಿ ಕೇಳಿದಳು. ಅಲ್ಲಿ ಬೇಕೇ ಬೇಕಾದ ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಲಸಿಕೆಗಳು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಎಕ್ಸೆಲ್‌ನಲ್ಲೂ ಇರಲಿಲ್ಲ.

ಇನ್ನೊಂದು ಫಾರಂ ಬಂತು: ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು? ಇಂಗ್ಲಿಷಲ್ಲದ್ದನ್ನು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆದವಾನಿ ಬಜಾರಿನಲ್ಲಿ ಉರ್ದು ಆಡಿ ಬೆಳೆದವನು ಧೈರ್ಯ ಮಾಡಿ 'ಇಂಗ್ಲಿಷ್' ಎಂದು ಬರೆದ.

"ನಮ್ಮನ್ಯಾಗ ಇಂಗ್ಲಿಷ್ ಮಾತಾಡೋದು ಟೀವಿ ಒಂದರೀ" ಎಂದಳು ಹೆಂಡತಿ. ಅಷ್ಟರಲ್ಲಿ ಮಗ ಆಫೀಸಿಗೆಲ್ಲ ಕೇಳುವಂತೆ, "ಅವ್ವಾ, ಹೊಟ್ಟಿ ಹಸ್ತೈತಿ" ಎಂದು ಕೂಗಿದ.

ಹತ್ತಕ್ಕೆ ಹತ್ತರ ಶಾಲೆ ಕೊನೆಗೂ ದಕ್ಕಿತು. ಬಡಾವಣೆ ಬೆಳೆದು ಹೊಸ ಶಾಲೆ ಎದ್ದಾಗ ಅಲ್ಲಿ ಗೆರೆಗಳನ್ನು ಮತ್ತೆ ಎಳೆಯುತ್ತಾರೆ. ಒಂದೇ ವರ್ಷದಲ್ಲಿ ಈತನ ಓಣಿ ಆಚೆ ಬಿತ್ತು. ಆ ರಾತ್ರಿ ನಾಗಲದಿನ್ನೆಗೆ ಫೋನು ಮಾಡಿದ. ಎತ್ತಿದ್ದು ತೊಂಬತ್ತರ ಹತ್ತಿರದ ಅಜ್ಜ.

"ಮನಿ ಅಲ್ಲೇ ಐತಿ ಅಜ್ಜ, ಸಾಲಿ ಬ್ಯಾರೆ ಆತು."

1953ರ ಅಕ್ಟೋಬರ್ 1ರಂದು ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಕರ್ನೂಲಿಗೆ, ಮದ್ರಾಸಿನಿಂದ ಆಂಧ್ರಕ್ಕೆ ಹೋದಾಗ ಅಜ್ಜ ಸಾಲಿಯ ಹುಡುಗ. "ನಾವೂ ಮನಿ ಬಿಟ್ಟು ಕದಲಿದ್ದಿಲ್ಲಲೇ, ರಾಜ್ಯನ ಬದಲಾತು. ಈಗಿನ ಸಾಲಿಗೆ ಎಷ್ಟು ನಂಬರು?"

"ಏಳು."

"ಎಷ್ಟಕ್ಕ?"

"ಹತ್ತಕ್ಕ."

"ಫಸ್ಟ್ ಕ್ಲಾಸ್ ಆತಲ್ಲೋ! ನಿನಗ ಯಾವಾಗರೆ ಬಂದಿತ್ತೇನು?"