ಒತ್ತಡರಹಿತ ಕ್ರಿಸ್ಮಸ್ ಔತಣ: ಕ್ಯಾಂಪಿನಿಂದ ಖಾನಾಪುರದವರೆಗಿನ ಒಂದು ಅಂತರಶಿಸ್ತೀಯ ಅಧ್ಯಯನ

1. ಪೀಠಿಕೆ

ಜನರ ಬಾಯಲ್ಲಿ ಕ್ಯಾಂಪ್ ಎನಿಸಿಕೊಂಡಿರುವ ಬೆಳಗಾವಿಯ ದಂಡುಪ್ರದೇಶದಲ್ಲಿ ಪ್ರತಿವರ್ಷ ಡಿಸೆಂಬರ್ 25ರಂದು ಸಂಭವಿಸುವ ಭೋಜನಕ್ರಿಯೆಯನ್ನು ಬಹುಮುಖಿ ಪರಿಪ್ರೇಕ್ಷ್ಯದಲ್ಲಿ ಇರಿಸಿ, ಅದರ ಒತ್ತಡಮೂಲ ಸಂರಚನೆಯನ್ನು ಅನಾವರಣಗೊಳಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಅಂದರೆ, ಹಬ್ಬದ ಅಡುಗೆಮನೆಯಲ್ಲಿ ಯಾರ ತಲೆ ಯಾಕೆ ಬಿಸಿಯಾಗುತ್ತದೆ ಎಂದು ಹೇಳುವುದು.

ಪ್ರಬಂಧಕ್ಕೆ ಪ್ರೇರಣೆ ಹೀಗಿದೆ. ಆಗಮನ ಕಾಲದ ಮೊದಲ ವಾರ ನಗರದ ಒಂದು ಸಭಾಭವನದಲ್ಲಿ ‘ಒತ್ತಡರಹಿತ ಹಬ್ಬ’ ಎಂಬ ಕಾರ್ಯಾಗಾರ ಜರುಗಿತು. ಸಂಪನ್ಮೂಲ ವ್ಯಕ್ತಿಗಳು ಗಂಡಸರು. ಕೋಟು ತೊಟ್ಟಿದ್ದರು. ಪರದೆಯ ಮೇಲೆ ಬಾಣದ ಗುರುತು, ವೃತ್ತ, ತ್ರಿಕೋನಗಳನ್ನು ಮೂಡಿಸುತ್ತ ಎರಡು ತಾಸು ಮಾತಾಡಿದರು. ಆ ಎರಡು ತಾಸಿನಲ್ಲಿ ಚಹಾ ತಂದವರು, ಎಂಜಲು ಕಪ್ಪು ಎತ್ತಿದವರು, ಕೊನೆಗೆ ಕುರ್ಚಿ ಮಡಚಿಟ್ಟವರು ಯಾರೆಂದು ಅವರು ನೋಡಲಿಲ್ಲ. ಪ್ರಸ್ತುತ ಸಂಶೋಧಕಿ ನೋಡಿದಳು.

2. ಪೂರ್ವಸೂರಿಗಳ ಅವಲೋಕನ

ಕನ್ನಡದಲ್ಲಿ ಪಾಕಶಾಸ್ತ್ರದ ಪರಂಪರೆ ದೊಡ್ಡದು. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದು ಮಳೆ, ಬಾವಿ, ವೈದ್ಯಗಳ ನಡುವೆ ಅಡುಗೆಗೂ ಜಾಗ ಕೊಟ್ಟ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಅದರಲ್ಲಿ ಹಂದಿಮಾಂಸದ ಸೋರ್ಪೊತೆಲ್ ಇಲ್ಲ. ಕವಿ ಜೈನ ಎಂಬುದು ಒಂದು ಕಾರಣ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ, ಮೆಣಸಿನಕಾಯಿ ಬಂದದ್ದು ಅವರ ಬೆನ್ನಿಗೆ ಎಂಬುದು ಇನ್ನೊಂದು. ಪಾಪ, ಸ್ವಲ್ಪದರಲ್ಲಿ ತಪ್ಪಿಹೋಯಿತು.

ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಅಲ್ಲಿಯವರೆಗೆ ಈ ಸೀಮೆ ಗೋವಾ ಮತ್ತು ಪುಣೆಗಳ ನಡುವೆ ಹಂಚಿಹೋಗಿತ್ತು. ಈಗ ನಮಗೆ ನಮ್ಮದೇ ಬಿಷಪ್ಪರಿದ್ದಾರೆ, ತಟ್ಟೆ ಮಾತ್ರ ಇವತ್ತಿಗೂ ಗೋವಾದ ಅಧೀನದಲ್ಲಿದೆ. ಸಾಣಾ, ವಿಂದಾಲು, ನೇವ್ರಿ, ಕುಲ್ಕುಲ್, ದೊದೊಲ್, ಬೆಬಿಂಕಾ ಇವಿಲ್ಲದೆ ಕ್ಯಾಂಪಿನ ಮನೆಯಲ್ಲಿ ಕ್ರಿಸ್ತಜಯಂತಿ ಸಿಂಧುವಾಗುವುದಿಲ್ಲ. ಹಾಗಾಗಿ ಚೋರ್ಲಾ ಘಾಟಿನ ಮೇಲೆ ಬರುವ ನೆಂಟರ ಚೀಲದಲ್ಲಿ ಸೇಂದಿಯ ವಿನೆಗರ್ ಬಾಟಲಿ ಇದೆಯೋ ಇಲ್ಲವೋ ಎಂಬ ಚಿಂತೆಯಿಂದಲೇ ಒತ್ತಡ ಶುರುವಾಗುತ್ತದೆ.

ಔತಣದ ಒತ್ತಡದ ಬಗ್ಗೆ ದಾಖಲಾದ ಹಳೆಯ ತಕರಾರೊಂದು ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿದೆ. ತಕರಾರು ಹೂಡಿದವಳು ಮಾರ್ತಾ. ಅತಿಥಿಯಾಗಿ ಯೇಸುಸ್ವಾಮಿ ಬಂದಿದ್ದಾರೆ, ತಂಗಿ ಮರಿಯ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ, ಅಕ್ಕನೊಬ್ಬಳೇ ದುಡಿಯುತ್ತಿದ್ದಾಳೆ. ನಿನಗೆ ಬಹಳ ವಿಷಯಗಳ ಚಿಂತೆ ಎಂದು ಸ್ವಾಮಿ ಅವಳಿಗೆ ಮೃದುವಾಗಿ ತಿಳಿಹೇಳಿದರು. ಎರಡು ಸಾವಿರ ವರ್ಷಗಳಿಂದ ಈ ಪ್ರಸಂಗದ ಮೇಲೆ ಪ್ರವಚನಗಳಾಗಿವೆ. ಆ ದಿನ ಪಾತ್ರೆ ತಿಕ್ಕಿದವರು ಯಾರು ಎಂಬ ಬಗ್ಗೆ ಮಾತ್ರ ಸುವಾರ್ತೆ ಮೌನ, ವ್ಯಾಖ್ಯಾನಕಾರರಂತೂ ಮಹಾಮೌನ.

ಸ್ಥಳೀಯ ಆಕರವೂ ಒಂದಿದೆ. 1924ರ ಡಿಸೆಂಬರ್ 26 ಮತ್ತು 27ರಂದು, ಅಂದರೆ ಕ್ರಿಸ್ಮಸ್ಸಿನ ಮರುದಿನವೇ, ಟಿಳಕವಾಡಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರ ಏರ್ಪಾಟು, ಡಾ. ನಾ.ಸು. ಹರ್ಡೀಕರರ ಸೇವಾದಳ. ನೀರು, ಊಟ, ಕಸ ಎಲ್ಲಕ್ಕೂ ಸ್ವಯಂಸೇವಕರು ನಿಂತಿದ್ದರು, ಅವರಲ್ಲಿ ಗಂಡಸರಿದ್ದರು. ಈ ಊರಿನ ಗಂಡಸು ಡಿಸೆಂಬರ್ ತಿಂಗಳಲ್ಲಿ ಪೊರಕೆ ಹಿಡಿಯಬಲ್ಲ ಎಂಬುದಕ್ಕೆ ಇತಿಹಾಸದ ಪುರಾವೆ ಇದು. ಆಮೇಲೇನಾಯಿತೋ ಗೊತ್ತಿಲ್ಲ.

3. ಸಪ್ತಸೋಪಾನ ಸಿದ್ಧಾಂತ

ಕಾರ್ಯಾಗಾರದಲ್ಲಿ ಹಂಚಲಾದ ಕರಪತ್ರದಲ್ಲಿ ಏಳು ಸೋಪಾನಗಳಿವೆ. ಒಂದು, ಪಟ್ಟಿ ಮಾಡಿ. ಎರಡು, ಆದ್ಯತೆ ಗುರುತಿಸಿ. ಮೂರು, ಕಾರ್ಯ ಹಂಚಿಕೆ ಮಾಡಿ. ನಾಲ್ಕು, ‘ಇಲ್ಲ’ ಎನ್ನಲು ಕಲಿಯಿರಿ. ಐದು, ಪ್ರತಿ ತಾಸಿಗೆ ಹತ್ತು ನಿಮಿಷ ವಿರಾಮ ತೆಗೆದುಕೊಳ್ಳಿ. ಆರು, ದೀರ್ಘವಾಗಿ ಉಸಿರಾಡಿ. ಏಳು, ಮೇಣದಬತ್ತಿ ಹಚ್ಚಿ ಬಿಸಿನೀರಿನ ಸ್ನಾನ ಮಾಡಿ.

ಆರನೆಯ ಸೋಪಾನವನ್ನು ಸಂಶೋಧಕಿ ಪ್ರಯೋಗಕ್ಕೆ ಒಡ್ಡಿದಳು. ವಿಂದಾಲಿಗೆಂದು ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಗಳನ್ನು ವಿನೆಗರಿನಲ್ಲಿ ನೆನೆಸಿ ಮಿಕ್ಸರಿನಲ್ಲಿ ರುಬ್ಬಿ, ಮುಚ್ಚಳ ತೆಗೆದ ಕ್ಷಣ ದೀರ್ಘವಾಗಿ ಉಸಿರೆಳೆದಳು. ಫಲಿತಾಂಶವನ್ನು ಇಲ್ಲಿ ವಿವರಿಸಲಾಗದು. ನೆರೆಮನೆಯವರು ಓಡಿಬಂದರು ಎಂದಷ್ಟು ಹೇಳಬಹುದು.

ನಾಲ್ಕನೆಯದನ್ನು, ಅಂದರೆ ‘ಇಲ್ಲ’ ಎನ್ನುವುದನ್ನು, ಅತ್ತೆಯವರ ಮುಂದೆ ಪ್ರಯೋಗಿಸಲು ಸ್ವಯಂಸೇವಕರು ಸಿಗಲಿಲ್ಲ.

4. ಅತಿಥಿ ವರ್ಗೀಕರಣ

ಔತಣಕ್ಕೆ ಬರುವವರನ್ನು ಹದಿಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ಪೂರ್ವಸೂಚನಾರಹಿತರು. ‘ಸುಮ್ನ ಈ ಕಡೆ ಬಂದಿದ್ವಿ’ ಎಂದು ಸಕುಟುಂಬ ಬರುವವರು. ಊಟದ ಹೊತ್ತಿಗೇ ಸುಮ್ಮನೆ ಬಂದಿರುತ್ತಾರೆ.

(ಆ) ಪಥ್ಯಜೀವಿಗಳು. ಬಿ.ಪಿ., ಶುಗರ್ ಎರಡೂ ಉಂಟು, ಕಡಿಮೆ ಬಡಿಸಿ ಎನ್ನುತ್ತಾರೆ. ದೊದೊಲ್ ತಟ್ಟೆ ತಮ್ಮ ಕಡೆ ಎಳೆದುಕೊಂಡ ಮೇಲೆ ಹಾಗೆನ್ನುತ್ತಾರೆ.

(ಇ) ತೌಲನಿಕ ಅಧ್ಯಯನಕಾರರು. ‘ನಮ್ಮ ಆಯಿ ಮಾಡಿದ ಸೋರ್ಪೊತೆಲ್ ರುಚಿನ ಬ್ಯಾರೆ’ ಎನ್ನುವವರು. ಆಯಿ ಮಾಡುವಾಗ ಒಂದು ಈರುಳ್ಳಿಯನ್ನಾದರೂ ಇವರು ಸುಲಿದುಕೊಟ್ಟಿದ್ದರೇ ಎಂದು ಕೇಳಬಾರದು.

(ಈ) ಉಳಿದ ಒಂಬತ್ತನ್ನೋ ಹತ್ತನ್ನೋ ಇಲ್ಲಿಗೇ ಬಿಡೋಣ. ಎಲ್ಲರೂ ಉಂಡು ಏಳುವವರೇ. ಉಂಡ ತಟ್ಟೆ ಎತ್ತುವ ವರ್ಗ ಎಷ್ಟು ಹುಡುಕಿದರೂ ಸಿಗಲಿಲ್ಲ, ವರ್ಗೀಕರಣದ ಉತ್ಸಾಹ ಅಲ್ಲಿಗೇ ಇಳಿಯಿತು.

5. ಒತ್ತಡ ನಿತ್ಯತಾ ನಿಯಮ

ಮೇಲಿನ ದತ್ತಾಂಶಗಳಿಂದ ಹೊಮ್ಮುವ ಮೂಲ ಪ್ರಮೇಯ: ಒತ್ತಡವನ್ನು ಸೃಷ್ಟಿಸಲಾಗದು, ನಾಶಮಾಡಲಾಗದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬಹುದು ಅಷ್ಟೆ.

ಉಪಪ್ರಮೇಯ ಒಂದು: ಒತ್ತಡ ಸದಾ ಪಡಸಾಲೆಯಿಂದ ಅಡುಗೆಮನೆಯತ್ತ ಹರಿಯುತ್ತದೆ.

ಉಪಪ್ರಮೇಯ ಎರಡು: ಅಡುಗೆಮನೆಯೊಳಗೆ ಅದು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಪಗಾರ ಕಡಿಮೆ ಇದ್ದವರಿಗೆ ಹರಿಯುತ್ತದೆ.

ಉಪಪ್ರಮೇಯ ಮೂರು: ಪಡಸಾಲೆಯಲ್ಲಿ ಕೂತವರು ತಮ್ಮ ಮನೆಯನ್ನು ಒತ್ತಡರಹಿತ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಕರಪತ್ರದ ಮೂರನೆಯ ಸೋಪಾನದ ನಿಜಾರ್ಥ ಈಗ ಹೊಳೆಯುತ್ತದೆ. ‘ಕಾರ್ಯ ಹಂಚಿಕೆ’ ಎಂದರೆ ಮನೆಗೆಲಸದ ಮಾವಶಿಗೆ ಫೋನ್ ಮಾಡುವುದು.

6. ಕ್ಷೇತ್ರಕಾರ್ಯ: ದೊದೊಲ್

ಸಹಭಾಗಿ ಅವಲೋಕನ ವಿಧಾನದಿಂದ ಕಂಡದ್ದು. ಅಕ್ಕಿಹಿಟ್ಟು, ತೆಂಗಿನ ಹಾಲು, ಗೋವಾದ ಕರಿ ಬೆಲ್ಲ ಮೂರನ್ನೂ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು ತಿರುವಬೇಕು. ಮೊದಲು ನೀರಾಗಿರುತ್ತದೆ, ಸೌಟು ಸಲೀಸಾಗಿ ಓಡುತ್ತದೆ. ಗಟ್ಟಿಯಾಗುತ್ತ ಬಂದ ಹಾಗೆ ಒಂದು ಕೈ ಸಾಲದು, ಎರಡೂ ಕೈ ಹಾಕಬೇಕು, ಆಮೇಲೆ ಸೊಂಟವನ್ನೂ ಹಾಕಬೇಕು. ಅಂಚಿನಲ್ಲಿ ಎಣ್ಣೆ ಬಿಟ್ಟು, ಮುದ್ದೆ ಕಪ್ಪಾಗಿ ಮಿರಮಿರ ಮಿಂಚಿ, ಪಾತ್ರೆಗೆ ಅಂಟದೆ ಒಟ್ಟಾಗಿ ಹೊರಳುವ ತನಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ತಳ ಹಿಡಿಯುತ್ತದೆ. ಕರಪತ್ರ ಹೇಳುವ ಹತ್ತು ನಿಮಿಷದ ವಿರಾಮ ದೊದೊಲಿಗೆ ಗೊತ್ತಿಲ್ಲ.

ಡಿಸೆಂಬರ್ 24ರ ಸಂಜೆ ಅದನ್ನು ತಿರುವುತ್ತಿದ್ದವಳು ಮಾವಶಿ. ಖಾನಾಪುರ ದಾಟಿ ನಂದಗಡದ ಕಡೆಯ ಒಂದು ಹಳ್ಳಿ ಆಕೆಯದು. ತಿರುವುತ್ತ ತಿರುವುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಳು.

‘ಅಕ್ಕಾ, ಖಾನಾಪುರ ಬಸ್ ತಪ್ಪಿದ್ರ ಮುಂದಿಂದು ಟೆಂಪೋನೂ ಸಿಗೂದಿಲ್ರೀ. ಪೂಜಾಕ್ಕ ಹುಡುಗ್ರು ಕಾಯ್ತಿರ್ತಾವ.’

ಪಡಸಾಲೆಯಿಂದ ಸಂಶೋಧಕಿಯ ಯಜಮಾನರ ದನಿ ಬಂತು: ‘ಇನ್ನೊಂದ್ ಹತ್ತು ನಿಮಿಷ ಮಾವಶಿ, ಮುಗಿಸೇ ಹೋಗಲ್ಲ.’ ಅವರು ಗೋದಲಿಗೆ ದೀಪದ ಸರ ಸುತ್ತುತ್ತಿದ್ದರು. ಅದೂ ಕೆಲಸವೇ. ಕೂತು ಮಾಡುವ ಕೆಲಸ.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಒತ್ತಡ ಈ ದೂರವನ್ನು ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ ಕ್ರಮಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರಿಗೆ ಟಿಕೆಟ್ ಇಲ್ಲವಾದ್ದರಿಂದ ಒತ್ತಡದ ಸಾಗಣೆ ಸಂಪೂರ್ಣ ಉಚಿತವಾಗಿದೆ. ಇದಕ್ಕಿಂತ ದಕ್ಷವಾದ ಒತ್ತಡ ನಿರ್ವಹಣಾ ವ್ಯವಸ್ಥೆಯನ್ನು ಯಾವ ಸಂಪನ್ಮೂಲ ವ್ಯಕ್ತಿಯೂ ರೂಪಿಸಲಾರ.

7. ಫಲಿತಗಳು

ಪರಿಭಾಷೆ ಇಷ್ಟು ಸಾಕು.

ಮಾವಶಿಯದೂ ಅದೇ ಹಬ್ಬ. ಅದೇ ರಾತ್ರಿ, ಅದೇ ಬಲಿಪೂಜೆ, ಅದೇ ಬಾಲಯೇಸು. ನಮ್ಮ ಮನೆಗೆ ಮಣಗಟ್ಟಲೆ ಕುಲ್ಕುಲನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿದುಕೊಟ್ಟವಳ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದು ಎಷ್ಟು ಹೊತ್ತಿಗೆ? ಅವಳ ಮಕ್ಕಳು ಏನು ಉಂಡು ಪೂಜೆಗೆ ಹೋಗುತ್ತಾರೆ? ಕೈಗೆ ಡಬ್ಬಿ ಕೊಟ್ಟು ಕಳಿಸಿದ್ದೇವೆ ಎಂದು ನಾವು ಹೇಳುತ್ತೇವೆ. ಹೌದು, ಕೊಟ್ಟಿದ್ದೇವೆ. ಆಕೆ ಮಾಡಿದ್ದನ್ನೇ ಆಕೆಗೆ ಒಂದು ಹಿಡಿ ಕೊಟ್ಟು, ನಮ್ಮ ಔದಾರ್ಯಕ್ಕೆ ನಾವೇ ಕಣ್ಣು ತುಂಬಿಕೊಂಡಿದ್ದೇವೆ. ಮರುದಿನ ಬೆಳಿಗ್ಗೆ, ನೆಂಟರು ಬರುವ ಮುಂಚೆ, ‘ಜರಾ ಲಗೂನ ಬಾ’ ಎಂದು ಫೋನನ್ನೂ ಮಾಡುತ್ತೇವೆ. ಹುಟ್ಟುವುದಕ್ಕೆ ಛತ್ರದಲ್ಲಿ ಜಾಗ ಸಿಗದವನ ಹೆಸರಿನ ಹಬ್ಬ ಇದು! ಯಾರನ್ನು ಹೊರಗೆ ನಿಲ್ಲಿಸಿದ್ದೇವೆ ಎಂಬುದನ್ನಾದರೂ ನೋಡಬಾರದೆ?

ಆದ್ದರಿಂದ ಕೆಲವು ಶಿಫಾರಸುಗಳು. ಏಳು ಸೋಪಾನಗಳ ಕರಪತ್ರವನ್ನು ಡಿಸೆಂಬರ್ 31ರ ತನಕ ಜೋಪಾನವಾಗಿಟ್ಟು, ಕ್ಯಾಂಪಿನ ಹುಡುಗರು ಮಧ್ಯರಾತ್ರಿ ಸುಡುವ ‘ಓಲ್ಡ್ ಮ್ಯಾನ್’ ಪ್ರತಿಕೃತಿಯ ಹೊಟ್ಟೆಗೆ ಹುಲ್ಲಿನ ಜೊತೆ ತುರುಕಬೇಕು. ಸೋರ್ಪೊತೆಲ್ ಎರಡು ಮೂರು ದಿನ ಕೂತರೆ ರುಚಿ ಹೆಚ್ಚುತ್ತದೆ, ದೊದೊಲ್ ದಿನಗಟ್ಟಲೆ ಕೆಡುವುದಿಲ್ಲ, ಕುಲ್ಕುಲ್ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. 24ರ ಸಂಜೆ ಯಾರನ್ನಾದರೂ ಅಡುಗೆಮನೆಯಲ್ಲಿ ಹಿಡಿದಿಡಲು ಯಾವ ತಿನಿಸಿನಲ್ಲೂ ಕಾರಣ ಇಲ್ಲ, ಕಾರಣ ಇರುವುದು ನಮ್ಮ ಸೋಮಾರಿತನದಲ್ಲಿ. ಮಾವಶಿಯನ್ನು 23ಕ್ಕೇ ಹಬ್ಬದ ದುಡ್ಡು, ರಜೆಯ ಪಗಾರ ಎರಡನ್ನೂ ಕೈಗಿಟ್ಟು ಬೆಳಕಿರುವಾಗ ಬಸ್ ಹತ್ತಿಸಬೇಕು. 26ರ ತನಕ ಕರೆಯಬಾರದು. 25ರ ಪಾತ್ರೆಗಳನ್ನು ಉಂಡವರು, ಅದರಲ್ಲೂ ಮೊದಲ ಪಂಕ್ತಿಯಲ್ಲಿ ಕೂತು ಉಂಡವರು, ತೊಳೆಯಬೇಕು.

ಇಷ್ಟೆಲ್ಲ ಮಾಡಿದರೆ ಔತಣ ಒತ್ತಡರಹಿತವಾಗುತ್ತದೆಯೇ? ಇಲ್ಲ. ಆಗಬೇಕಾಗಿಯೂ ಇಲ್ಲ. ಮನೆ ತುಂಬ ಜನರಿಗೆ ಮಾಡಿ ಬಡಿಸುವುದು ಕಷ್ಟದ ಕೆಲಸ, ಯಾವ ಕೋಟುಧಾರಿ ಬಂದು ಏನು ಹೇಳಿದರೂ ಅದು ಕಷ್ಟವೇ. ನನ್ನ ತಕರಾರು ಕಷ್ಟದ ಮೇಲಲ್ಲ. ಕಷ್ಟವನ್ನು ಖಾನಾಪುರದ ಬಸ್ಸಿಗೆ ಹತ್ತಿಸಿ, ಬಾಗಿಲು ಹಾಕಿಕೊಂಡು, ಈ ಸಲ ಎಷ್ಟು ಆರಾಮಾಗಿ ಹಬ್ಬ ಆಯಿತು ನೋಡಿ ಎನ್ನುವವರ ಮೇಲೆ.