ಪಡುಗೋಡೆ ಮತ್ತು ನೆತ್ತಿಯ ಬಿಸಿಲು

"ಹ್ವಾಯ್, ಗ್ವಾಡಿಗೆ ಥರ್ಮೊಕೋಲ್ ಹಾಕ್ರೆ ಸೆಕಿ ಕಮ್ಮಿ ಆತ್ತಂಬ್ರ್, ಹೌದಾ?"

ಬೇಲಿಯಾಚೆಯಿಂದ ಶೆಟ್ರು ಕೇಳಿದರು. ಅವರ ಹೊಸ ಮನೆ ಲಿಂಟಲ್ ಮಟ್ಟಕ್ಕೆ ಬಂದಿದೆ. ದುಬೈಯಲ್ಲಿರುವ ಮಗ ಫೋನು ಮಾಡಿ, ಅಲ್ಲಿ ಗೋಡೆಗೆ ಶಾಖ ತಡೆಯುವ ಹಲಗೆ ಕೂರಿಸುತ್ತಾರೆ, ನೀವೂ ಕೂರಿಸಿ ಎಂದಿದ್ದಾನೆ.

ಮಗನ ಮಾತು ಅಲ್ಲಿಗೆ ಸರಿಯೇ. ಅಲ್ಲಿ ಬೇಸಿಗೆಯಿಡೀ ಕಿಟಕಿ ಮುಚ್ಚಿ ಏಸಿ ಹಾಕಿಕೊಂಡೇ ಇರುತ್ತಾರೆ. ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಯನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಗೋಡೆಗೆ ಹಲಗೆ ಬೇಕು. ಥರ್ಮೊಕೋಲಿನಲ್ಲಿ ಶಾಖ ಹಾಯುವುದು ಇಟ್ಟಿಗೆಗಿಂತ ಸುಮಾರು ಇಪ್ಪತ್ತು ಪಟ್ಟು ಕಡಿಮೆ. ಆದರೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ನಾವು ಹೆಚ್ಚಿನವರು ಕಿಟಕಿ ತೆರೆದು, ಫ್ಯಾನು ಹಾಕಿ ಬದುಕುವವರು. ಹೊರಗಿನ ಗಾಳಿಯೇ ಒಳಗೂ ಆಡುವ ಮನೆಯಲ್ಲಿ ಗೋಡೆಯ ಹಲಗೆ ಕಾಯುವುದಾದರೂ ಏನನ್ನು?

"ಹಾಂಗಾರೆ ಎಂತ ಮಾಡ್ಕ್?"

"ಮೊದ್ಲ್ ಮೇಲ್ ಕಾಣಿ" ಅಂದೆ.

ಕುಂದಾಪುರ ಇರುವುದು ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಹಗಲಿಗೆ ಸೂರ್ಯ ನೆಟ್ಟಗೆ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಡೆಗೆ ಬೀಳುವ ಬಿಸಿಲು ಕಡಿಮೆ, ಮಾಡಿಗೆ ಬೀಳುವುದೇ ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಗೆಲ್ಲ ಹಂಚಿನ ಮಾಡು ಬಂತು. ಹಂಚು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಸಂದಿನಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ, ಕೆಳಗೆ ಅಟ್ಟವೂ ಇರುತ್ತದೆ. ಕಾಂಕ್ರೀಟು ತಾರಸಿ ಹಾಗಲ್ಲ. ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಹಾಸಿಗೆಯ ಮೇಲೆ ಬಿಡುತ್ತದೆ. ಬಯಲುಸೀಮೆಯಲ್ಲಾದರೆ ರಾತ್ರಿಯ ತಂಪು ಅದನ್ನು ಆರಿಸುತ್ತದೆ. ನಮ್ಮ ಸಮುದ್ರದ ದಂಡೆಯಲ್ಲಿ ಏಪ್ರಿಲ್ ರಾತ್ರಿಯೂ ಬೆವರುವುದು ತಪ್ಪುವುದಿಲ್ಲ.

ಮಳೆಗೆ ಸೋರುತ್ತದೆಂದು ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದು ಈಗ ಊರೂರಲ್ಲೂ ಇದೆ. ತೆಂಗಿನಕಾಯಿ, ಅಡಿಕೆ ಒಣಗಿಸಲು ಜಾಗವೂ ಆಯಿತು. ಅದೇ ಶೀಟು ಬೇಸಿಗೆಯಲ್ಲಿ ತಾರಸಿಗೆ ನೆರಳು. ನಡುವೆ ಆಳೆತ್ತರ ಜಾಗ ಬಿಟ್ಟು, ಎರಡೂ ಬದಿ ತೆರೆದಿಟ್ಟು, ಬಿಳಿ ಬಣ್ಣದ್ದನ್ನೇ ಹಾಕಿಸಿದರೆ ಗಾಳಿ ಹಾಯುತ್ತದೆ, ಬಿಸಿ ಕೆಳಗಿಳಿಯುವುದಿಲ್ಲ. ಅಷ್ಟು ಖರ್ಚು ಆಗದವರು ತಾರಸಿಗೆ ಸುಣ್ಣ ಬಳಿದರೂ ಸ್ವಲ್ಪ ಗುಣ ಕಾಣುತ್ತದೆ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗೆ ಇಕೋ ನಿವಾಸ್ ಸಂಹಿತಾ ಎಂಬ ನಿಯಮಾವಳಿ ತಂದಿತು. ನಮ್ಮಂಥ ಸೆಕೆ, ತೇವ ಎರಡೂ ಇರುವ ಊರುಗಳಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳು ನೆಲದಳತೆಯ ಆರನೆಯ ಒಂದು ಪಾಲಾದರೂ ಇರಬೇಕು ಎನ್ನುತ್ತದೆ ಅದು. ಒಣ ಸೆಕೆಯ ಊರುಗಳಿಗೆ ಹತ್ತನೆಯ ಒಂದು ಪಾಲು ಸಾಕು. ನಮಗೆ ಗಾಳಿಯೇ ಮೊದಲ ಮದ್ದು ಎಂದು ನಿಯಮ ಬರೆದವರೂ ಒಪ್ಪಿದ್ದಾರೆ.

"ಹಂಗಂದ್ರೆ ಗ್ವಾಡಿಗೆ ಎಂತದೂ ಬ್ಯಾಡ್ದಾ?"

ಬೇಕು, ಪಡುಗೋಡೆಗೆ. ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಓರೆ ಬಿಸಿಲು ಬೀಳುವುದು ಅಲ್ಲಿಗೆ. ಮಳೆಗಾಲದ ಇರಿಚಲು ಹೊಡೆಯುವುದೂ ಅಲ್ಲಿಗೇ. ಗೋಡೆಯ ಮುರಕಲ್ಲಿನ ತುಂಬ ತೂತು, ನೀರು ಕುಡಿಯುತ್ತದೆ. ಗಾಳಿಗಿಂತ ನೀರಿನಲ್ಲಿ ಶಾಖ ಇಪ್ಪತ್ತು ಪಟ್ಟಿಗೂ ಹೆಚ್ಚು ಹಾಯುವುದರಿಂದ ಒದ್ದೆ ಗೋಡೆ ಬಿಸಿ ತಡೆಯುವುದಿಲ್ಲ, ಬೂಷ್ಟು ಬೇರೆ. ಹಿರಿಯರು ಮಣ್ಣಿನ ಗೋಡೆಗೆ ಮಾಡನ್ನು ಉದ್ದಕ್ಕೆ ಇಳಿಸುತ್ತಿದ್ದರು, ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗೋಡೆ ಒಣಗಿರಬೇಕು, ನೆರಳಲ್ಲಿರಬೇಕು ಎಂಬುದು ಅವರ ಲೆಕ್ಕ. ಇಂದು ಮೂರಡಿಯ ಸಜ್ಜ, ಇಳಿಮಾಡು, ಪಡುಬದಿಗೆ ಒಂದು ಬಸಳೆ ಚಪ್ಪರ ಅದೇ ಕೆಲಸ ಮಾಡುತ್ತವೆ. ಬಚ್ಚಲು, ಮೆಟ್ಟಿಲು, ಸಾಮಾನು ಕೋಣೆಯನ್ನು ಪಡುಬದಿಗೆ ಹಾಕಿದರೆ ಮಲಗುವ ಕೋಣೆ ಉಳಿದುಕೊಳ್ಳುತ್ತದೆ.

ಏಸಿ ಹಾಕುವ ಕೋಣೆ ಇದ್ದರೆ ಮಾತ್ರ ಮಗನ ಹಲಗೆ ತರಿಸಬಹುದು. ಅದು ಮೊದಲು ಆ ಕೋಣೆಯ ತಾರಸಿಗೆ, ಆಮೇಲೆ ಪಡುಗೋಡೆಯ ಹೊರಮೈಗೆ. ಹೊರಗಿನ ತೇವ ಒಳಗಿನ ತಂಪಿನ ಕಡೆಗೆ ನುಗ್ಗುವ ಊರು ನಮ್ಮದು. ಅದಕ್ಕೆ ತೇವ ತಡೆಯುವ ಪದರ ಹೊರಬದಿಗೇ ಇರಬೇಕು, ಮಳೆ ಒಂದು ಹನಿಯೂ ಹಲಗೆಯ ಹಿಂದೆ ಇಳಿಯಬಾರದು. ಇರುವೆ, ಒರಲೆ ಥರ್ಮೊಕೋಲನ್ನು ಕೊರೆಯುತ್ತವೆ, ಬುಡದಲ್ಲಿ ಬಂದೋಬಸ್ತು ಮಾಡಲೇಬೇಕು.

ಶೆಟ್ರಿಗೆ ಹೇಳಿದ್ದನ್ನೇ ಮನೆ ಕಟ್ಟಿಸುವ ಎಲ್ಲರಿಗೂ ಹೇಳುತ್ತೇನೆ. ಮೊದಲು ಮಾಡಿಗೆ ನೆರಳು, ಆಮೇಲೆ ಎದುರುಬದುರು ಕಿಟಕಿ, ಆಮೇಲೆ ಪಡುಗೋಡೆ, ಕೊನೆಗೆ ಹಲಗೆ. ನಕ್ಷೆಗೆ ಸಹಿ ಹಾಕುವ ಮೊದಲೇ ಇಂಜಿನಿಯರ ಹತ್ತಿರ ಈ ನಾಲ್ಕನ್ನೂ ಕೇಳಿ. ಗೋಡೆ ಎದ್ದ ಮೇಲೆ ದಿಕ್ಕು ಬದಲಿಸಲು ಆಗುವುದಿಲ್ಲ.