ಉಸಿರಾಟ ಕಲಿಸಿದ ಸಾಹೇಬರಿಗೆ



ನೀವು ನಿನ್ನೆ ನಡೆಸಿದ ಒತ್ತಡ ನಿರ್ವಹಣೆ ಶಿಬಿರ ಬಹಳ ಚೆನ್ನಾಗಿತ್ತಂತೆ. ನಮ್ಮನೆಯವರು ಹೆಡ್ ಕಾನ್‌ಸ್ಟೆಬಲ್. ರಾತ್ರಿ ಅರ್ಧ ವರದಿ ಒಪ್ಪಿಸಿ, ಬೂಟನ್ನೂ ಬಿಚ್ಚದೆ ಮಲಗಿಬಿಟ್ಟರು. ಉಸಿರು ಎಳೆದುಕೊಳ್ಳಿ, ಬಿಡಿ ಅಂತ ಕಲಿಸಿದಿರಂತಲ್ಲ, ಗೊರಕೆಯಲ್ಲಿ ಅದೇ ಕೇಳಿಸುತ್ತಿತ್ತು.

ನಿನ್ನೆ ಅವರ ವಾರದ ರಜೆ ಸ್ವಾಮಿ. ನಮ್ಮತ್ತೆಯ ಕಣ್ಣಿನ ಪೊರೆ ಆಪರೇಷನ್‌ಗೆ ಮಗನೇ ಬಂದು ಸಹಿ ಹಾಕಬೇಕು ಅಂದಿದ್ದರು ಆಸ್ಪತ್ರೆಯವರು. ಬೆಳಗಾಗುತ್ತಲೇ ಠಾಣೆಯಿಂದ ಫೋನು: ಶಿಬಿರ ಕಡ್ಡಾಯ, ಯೂನಿಫಾರಂನಲ್ಲೇ ಬನ್ನಿ. ಅತ್ತೆಯೂ ನಾನೂ ಟೋಕನ್ ಹಿಡಿದು ಮಧ್ಯಾಹ್ನದವರೆಗೆ ಕೂತು, ಬೇರೆ ತಾರೀಖು ಬರೆಸಿಕೊಂಡು ಬಂದೆವು. ಆ ತಾರೀಖಿಗೆ ಜಾತ್ರೆ ಬಂದೋಬಸ್ತ್ ಇದೆ. ಅತ್ತೆಗೂ ಹೇಳಿದೆ, ಉಸಿರು ಎಳೆದುಕೊಳ್ಳಿ, ಬಿಡಿ.

ನಿಮ್ಮ ಕರಪತ್ರ ಓದಿದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಎಂಟು ಗಂಟೆ ಮಲಗಿ, ಸಂಸಾರದ ಜೊತೆ ಕಾಲ ಕಳೆಯಿರಿ. ಇದನ್ನು ಡ್ಯೂಟಿ ಹಾಕುವವರಿಗೆ ಹಂಚಬಾರದಿತ್ತೇ? ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನನ್ನ ಮಗಳು ಹೇಳಿದಳು: ಪೊಲೀಸರು ಸದಾ ಕರ್ತವ್ಯದಲ್ಲಿರುವವರು ಅಂತ ಬ್ರಿಟಿಷರು 1861ರಲ್ಲೇ ಕಾಯ್ದೆ ಬರೆದಿಟ್ಟರಂತೆ. ಎಂಟು ಗಂಟೆ ಪಾಳಿಗೆ ಎಷ್ಟು ಜನ ಬೇಕೆಂದು 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋ ಅಧ್ಯಯನ ಮಾಡಿಸಿದಾಗ, ಠಾಣೆ ಸಿಬ್ಬಂದಿಯಲ್ಲಿ ಶೇ. 90ರಷ್ಟು ಮಂದಿ ಅದಕ್ಕಿಂತ ಹೆಚ್ಚು ದುಡಿಯುತ್ತಾರೆ ಅಂತ ಗೊತ್ತಾಯಿತಂತೆ. ಕೊಡಬೇಕಾದದ್ದು ಜನ, ಕೊಟ್ಟದ್ದು ಪ್ರಾಣಾಯಾಮ.

ಸಂಘ ಕಟ್ಟಿ ಕೇಳೋಣವೆಂದರೆ 1966ರ ಕಾಯ್ದೆ ಅಡ್ಡ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕುತ್ತೇವೆ ಅಂತ ಕರ್ನಾಟಕದ ಪೊಲೀಸರು ಅಂದಾಗ ಮುಂದೆ ನಿಂತವರನ್ನೇ ಬಂಧಿಸಿದರು. ಜೈಲಿನಲ್ಲಾದರೂ ಎಂಟು ಗಂಟೆ ನಿದ್ದೆ ಸಿಕ್ಕಿತೋ ಏನೋ. ಪುಣ್ಯಕ್ಕೆ ಆ ಕಾಯ್ದೆ ಹೆಂಡತಿಯರಿಗಿಲ್ಲ, ಅದಕ್ಕೇ ಈ ಪತ್ರ.

ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳಿ ಅಂದರಂತೆ ನಿಮ್ಮ ಆಪ್ತಸಮಾಲೋಚಕಿ. ಮುಂದಿನ ಸಾಲಿನಲ್ಲಿ ಇನ್ಸ್‌ಪೆಕ್ಟರ್ ಕೂತಿದ್ದರು. 'ಏನೂ ಇಲ್ಲ ಮೇಡಂ' ಅಂದರಂತೆ ಎಲ್ಲರೂ, ಒಟ್ಟಿಗೇ, ಪರೇಡ್‌ನಲ್ಲಿ ಅಂದ ಹಾಗೆ.

ಏನೂ ಇಲ್ಲವೇ? ನಿಂತು ನಿಂತು ನಮ್ಮನೆಯವರ ಮೊಣಕಾಲ ಕೆಳಗೆ ನರಗಳು ಗಂಟುಕಟ್ಟಿವೆ. ಅನ್ನಕ್ಕೆ ಕೈ ಹಾಕುವಾಗ ಫೋನ್ ಬಂದರೆ ಕೈ ನಡುಗುತ್ತದೆ. ಇದಕ್ಕೆ ಇದ್ದ ಒಂದೇ ಒಂದು ಔಷಧಿ ಆ ರಜೆ. ಅದನ್ನೂ ಕಿತ್ತುಕೊಂಡು ಒತ್ತಡ ನಿವಾರಣೆ ಅಂತ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳಲು ನಿಮಗೆ ನಾಚಿಕೆಯಾಗಲಿಲ್ಲವೇ?

ಶಿಬಿರದಲ್ಲಿ ಕೊಟ್ಟ ಪ್ರಮಾಣಪತ್ರ ವಾಪಸ್ ಕಳಿಸುತ್ತಿದ್ದೇನೆ. ಬದಲಿಗೆ, ಆಸ್ಪತ್ರೆಯವರು ಕೊಟ್ಟ ತಾರೀಖಿಗೆ ಒಂದು ಬೆಳಗ್ಗೆ ಅವರನ್ನು ಬಿಡಿ, ಸಹಿ ಹಾಕಿ ಬರಲಿ. ಮಧ್ಯಾಹ್ನ ಜಾತ್ರೆಗೆ ನಾನೇ ಕಳಿಸಿಕೊಡುತ್ತೇನೆ.

ಇತಿ,
ಒಬ್ಬ ಹೆಡ್ ಕಾನ್‌ಸ್ಟೆಬಲ್‌ನ ಹೆಂಡತಿ